ಕೂರಿಸುವ ಗುಂಡಯ್ಯನವರೂ ನಮ್ಮ ತಾತನ ಕೊಲೆಯೂ

ನಮ್ಮ ತಾತನ ಕೊಲೆ ಕೇಸನ್ನು ಬಿಡಿಸಿದವರು ಇನ್ಸ್‌ಪೆಕ್ಟರ್ ದೇವರಾಜು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಮನುಷ್ಯ ಅದೇ ಕೇಸಿನಿಂದ ಬಡ್ತಿ ಗಿಟ್ಟಿಸಿಕೊಂಡು ಹಾಸನಕ್ಕೆ ಹೋದ. ಬಿಡಿಸಿದವರು ಗುಂಡಯ್ಯನವರು. ಅವರಿಗೆ ಸಿಕ್ಕಿದ್ದು ಊರವರ ಬೈಗುಳ. ನಾನು ಆಗ ಇನ್ನೂ ಹುಟ್ಟಿರಲಿಲ್ಲ. ನಮ್ಮವ್ವನ ಹೊಟ್ಟೆಯಲ್ಲಿ ಆರು ತಿಂಗಳಾಗಿದ್ದೆ. ಆದ್ದರಿಂದ ನಾನೂ ಸ್ಥಳದಲ್ಲಿದ್ದೆ ಎಂದೇ ಹೇಳಬೇಕು. ಕಣ್ಣಾರೆ ಕಂಡವರು ನಮ್ಮವ್ವ, ಪಟೇಲ ಈಶ್ವರಯ್ಯನವರು ಮತ್ತು ಗುಂಡಯ್ಯನವರು. ಅವರಲ್ಲಿ ಗುಂಡಯ್ಯನವರು ಬಾಯಿ ಬಿಡುವ ಜಾತಿಯೇ ಅಲ್ಲ. ಹಾಗಾಗಿ ಮಿಕ್ಕ ಇಬ್ಬರಿಂದ ಕೇಳಿದ್ದನ್ನು ಹೇಳುತ್ತೇನೆ.

ಹಳ್ಳಿಮೈಸೂರಿನಿಂದ ಎರಡು ಮೈಲಿ ಒಳಗಿದೆ ನಮ್ಮೂರು. ಗುಂಡಯ್ಯನವರಿಗೆ ಅಲ್ಲಿ ಎರಡೆಕರೆ ರಾಗಿ ಹೊಲ, ಒಂದು ಜೊತೆ ಮುದಿ ಎತ್ತು, ಮಾತೇ ಆಡದ ಗಂಡನನ್ನು ಕಟ್ಟಿಕೊಂಡು ಇಬ್ಬರ ಪಾಲಿನ ಮಾತನ್ನೂ ತಾವೇ ಆಡುವ ಹೆಂಡತಿ ನಂಜಮ್ಮ. ಆದರೆ ಸುತ್ತ ಏಳು ಹಳ್ಳಿಗೆ ಅವರ ಹೆಸರು ಗೊತ್ತಿದ್ದದ್ದು ಬೇರೆ ಕೆಲಸಕ್ಕೆ. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂರಿಸಿ ಮಾಡುತ್ತೇವೆ. ಮೈ ಸೆಟೆದುಕೊಳ್ಳುವ ಮೊದಲೇ ಮೀಯಿಸಿ, ಚಕ್ಕಳಮಕ್ಕಳ ಹಾಕಿಸಿ, ಬೆನ್ನು ನೆಟ್ಟಗೆ ಮಾಡಿ, ವಿಭೂತಿ ಬಳಿದು, ರುಮಾಲು ಸುತ್ತಿ, ಹಾರ ಹಾಕಿ ಕೂರಿಸಬೇಕು. ಇದು ಎಲ್ಲರಿಗೂ ಕೈಹತ್ತುವ ವಿದ್ಯೆಯಲ್ಲ. ಗುಂಡಯ್ಯನವರು ಕೂರಿಸಿದರೆ ಹೋದವರು ಈಗ ತಾನೆ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳಲು ಕೂತ ಹಾಗೆ ಇರುತ್ತಿದ್ದರು. ಬದುಕಿದ್ದವರ ಹತ್ತಿರ ಮಾತಾಡದ ಆಸಾಮಿ ಸತ್ತವರ ಹತ್ತಿರ ಮಾತ್ರ ಬಾಯಿ ತುಂಬ ಮಾತಾಡುತ್ತಿದ್ದರು.

"ಮಂಡಿ ವಸಿ ಬಗ್ಗುಸ್ಬೇಕಲ್ಲ ಯಜಮಾನ್ರೆ. ಆಂ, ಅಂಗೆ. ಇನ್ನೊಂದು ಕಾಲು. ಬದುಕಿದ್ದಾಗ್ಲೂ ಇದೇ ಅಟ ನಿಮ್ದು, ಈಗ್ಲಾದ್ರೂ ಬುಡಿ."

ಕೂಲಿ ಅಂತ ಏನೂ ಇಲ್ಲ. ಒಂದು ತೆಂಗಿನಕಾಯಿ, ಒಂದು ಊಟ. ಅವರದ್ದು ಒಂದೇ ಒಂದು ಕಟ್ಟು: ಕೂತವರ ಗುಟ್ಟು ಕೂರಿಸಿದವನ ಹೊಟ್ಟೆಯಲ್ಲಿ. ಸತ್ತವರನ್ನು ಮೀಯಿಸುವಾಗ ಏನು ಕಂಡರೂ, ಬೆನ್ನ ಮೇಲೆ ಬರೆ ಕಂಡರೂ, ಸೊಂಟದಲ್ಲಿ ಬೇರೆಯವಳ ತಾಯಿತ ಕಂಡರೂ, ಅದು ಅಲ್ಲಿಗೇ ಸರಿ. ಆ ನಂಬಿಕೆಯಿಂದಲೇ ಜನ ತಮ್ಮ ಮನೆಯ ಹಿರಿಯರನ್ನು ಅವರ ಕೈಗೆ ಒಪ್ಪಿಸುತ್ತಿದ್ದರು. ಆ ಕೆಲಸ ಇಲ್ಲದಿದ್ದರೆ ಗುಂಡಯ್ಯನವರು ಬರೀ ಎರಡೆಕರೆ ರಾಗಿ ಹೊಲದ ಮೂಕಬಸವ, ಅಷ್ಟೆ.

ಈಗ ನಮ್ಮ ತಾತ ರುದ್ರಯ್ಯನವರ ವಿಷಯ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ, ಆಡದಿದ್ದರೆ ಈ ಕಥೆಯೇ ಇಲ್ಲ. ೧೯೩೮ರಲ್ಲಿ ಅರಕಲಗೂಡಿನ ಕಡೆಯ ನಮ್ಮ ಬೀಗರೊಬ್ಬರು ಒಂಬತ್ತು ದಿನ ಬರೀ ಹಾಲು ಕುಡಿದುಕೊಂಡು ಅನುಷ್ಠಾನಕ್ಕೆ ಕೂತರಂತೆ. ಜನ ಗಾಡಿ ಕಟ್ಟಿಕೊಂಡು ಹೋಗಿ ಕಾಲಿಗೆ ಬಿದ್ದರಂತೆ. ನಮ್ಮ ತಾತನಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. "ಅವ ಒಂಬತ್ತಾ? ನಾನು ಅನ್ನೊಂದು!" ಎಂದು ಡಂಗುರ ಸಾರಿಸಿ, ಪೂಜೆ ಕೋಣೆ ಹೊಕ್ಕು ಒಳಗಿನಿಂದ ಅಗುಳಿ ಹಾಕಿಕೊಂಡುಬಿಟ್ಟರು. ಮಧ್ಯಾಹ್ನ ಊಟಕ್ಕೆ ಕೂತರೆ ಮೂರು ಮುದ್ದೆ ಮುಗಿಸಿ ಸಾರು ಸರಿಯಿಲ್ಲ ಎಂದು ನಮ್ಮವ್ವನನ್ನು ಬೈಯುವ ಮನುಷ್ಯ!

ಆ ಕೋಣೆಗೆ ಒಂದೇ ಬಾಗಿಲು. ನಡುಮನೆಯ ಕಡೆಗೆ ಕಬ್ಬಿಣದ ಸರಳಿನ ಒಂದು ಕಿಟಕಿ. ಬೆಳಗ್ಗೆ ನಮ್ಮಜ್ಜಿ ಬಸವಲಿಂಗಮ್ಮ ಆ ಕಿಟಕಿಯಿಂದ ಪತ್ರೆ ಹೂವಿನ ಪೊಟ್ಟಣ ತೂರಿಸುತ್ತಿದ್ದರು. ಬೆಳಗ್ಗೆ ಸಂಜೆ ನಮ್ಮವ್ವ ನೀಲಾಂಬಿಕೆ ಸಣ್ಣ ಲೋಟದಲ್ಲಿ ಹಾಲು ಕೊಡುತ್ತಿದ್ದಳು. ಮಿಕ್ಕ ಹೊತ್ತು ಜನ ಕಿಟಕಿಯ ಹತ್ತಿರ ನಿಂತು ಕೈಮುಗಿಯುತ್ತಿದ್ದರು. ಐದು ದಿನ ಕಳೆಯುವಷ್ಟರಲ್ಲಿ ತಾತ ಇಳಿಯುವ ಬದಲು ತುಸು ಉಬ್ಬಿದ್ದರಂತೆ. ಭಕ್ತರು ಅದನ್ನು ತಪಸ್ಸಿನ ಕಳೆ ಅಂದರು. ಜನಕ್ಕೆ ಏನು ಹೇಳೋಣ!

ಆರನೆಯ ದಿನ ಬೆಳಗ್ಗೆ ಒಳಗಿನಿಂದ "ಹೂಂ... ಹ್ಹೂಂ... ಹೂಂ" ಎಂದು ದೊಡ್ಡ ಶಬ್ದ ಬಂತು. ಹೊರಗೆ ಕೂತಿದ್ದ ನಾಲ್ಕು ಜನ, "ಓಂಕಾರ ಏರ್ತಾ ಅದೆ" ಎಂದು ಎದ್ದು ನಿಂತು ಕೈಮುಗಿದರು. ಒಬ್ಬಾತ ಜಾಗಟೆ ಬಾರಿಸಿದ. ಓಂಕಾರ ನಿಂತಿತು. ಸಮಾಧಿ ಸ್ಥಿತಿ ಬಂತು ಎಂದು ಎಲ್ಲರೂ ತುಟಿಯ ಮೇಲೆ ಬೆರಳಿಟ್ಟುಕೊಂಡು ಹೊರಟುಹೋದರು.

ಎರಡು ಗಂಟೆ ಕಳೆದ ಮೇಲೆ ನಮ್ಮವ್ವ ಖಾಲಿ ಲೋಟ ತೆಗೆದುಕೊಳ್ಳಲು ಹೋಗಿ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಮಾವನವರು ಅಂಗಾತ ಬಿದ್ದಿದ್ದಾರೆ. ಕೂಗಿಕೊಂಡಳು. ಜನ ಬಂದು ಹಾರೆ ಹಾಕಿ ಬಾಗಿಲು ಮೀಟಿದರು. ಅಗುಳಿ ಒಳಗಿನಿಂದ ಭದ್ರವಾಗಿತ್ತು. ತಾತನ ಮುಖ ನೀಲಿ, ಕಣ್ಣು ಈಚೆ ಬಂದಿವೆ, ಕತ್ತಿನ ತುಂಬ ಉಗುರಿನ ಗೀರು.

"ಯಾರೋ ಕತ್ತು ಇಸುಕವ್ರೆ ಕಣ್ರಲಾ!" ಅಂದ ಒಬ್ಬ.

ಇಂಥ ಸಾವನ್ನು ಮೇಲಿನವರಿಗೆ ತಿಳಿಸದೆ ಮಣ್ಣು ಮಾಡಿಸಿದರೆ ಪಟೇಲಿಕೆಗೆ ಕುತ್ತು. ಪಟೇಲರು ತಳವಾರನನ್ನು ತಾಲ್ಲೂಕಿಗೆ ಓಡಿಸಿದರು. ಆದರೆ ಪೊಲೀಸರು ಬರುವವರೆಗೆ ಮೈ ಕಾಯುತ್ತದೆಯೇ? ಸೆಟೆದುಕೊಂಡರೆ ಕೂರಿಸುವವರು ಯಾರು? ಮಲಗಿಸಿ ಮಣ್ಣು ಮಾಡುವುದಕ್ಕೆ ಅದೇನು ಅನಾಥ ಹೆಣವೇ? ಹಿರಿಯರೆಲ್ಲ ಒಟ್ಟಿಗೆ ಹೇಳಿದ್ದು ಒಂದೇ ಮಾತು: "ಮೊದ್ಲು ಗುಂಡಯ್ಯನ್ನ ಕರೀರಿ." ಕೊಲೆಯಾಗಿದೆ ಎಂದು ಪೊಲೀಸರಿಗೆ ಹೇಳಿ ಕಳುಹಿಸಿ, ಅವರು ಬರುವಷ್ಟರಲ್ಲಿ ಹೆಣಕ್ಕೆ ಎರಡು ಹಂಡೆ ಬಿಸಿನೀರು ಹಾಕಿ ತೊಳೆದವರು ಮೈಸೂರು ಸೀಮೆಯಲ್ಲಿ ನಮ್ಮೂರಿನವರೇ ಇರಬೇಕು.

ಗುಂಡಯ್ಯನವರು ಕೋಣೆಯಲ್ಲಿ ಒಬ್ಬರೇ ತಾತನನ್ನು ಮೀಯಿಸಿದರು. ಬಾಯಿ ತೊಳೆಯುವಾಗ ಬೆರಳಿಗೆ ಏನೋ ತಾಗಿತು. ಗಂಟಲಿನಿಂದ ಮೆಲ್ಲಗೆ ಎಳೆದು ತೆಗೆದರು. ನಿಂಬೆಹಣ್ಣಿನ ಗಾತ್ರದ ತಂಬಿಟ್ಟು! ಹಲ್ಲು ತಾಗಿದ ಗುರುತೇ ಇಲ್ಲ, ಇಡೀ ಉಂಡೆ. ಯಾರೋ ಕಿಟಕಿಯ ಹತ್ತಿರ ಬಂದರು ಎಂದು ತಾತ ಗಾಬರಿಯಲ್ಲಿ ಒಂದೇ ಸಲಕ್ಕೆ ನುಂಗಲು ಹೋಗಿದ್ದಾರೆ. ಓಂಕಾರ ಅಂದುಕೊಂಡಿದ್ದು ಅದು. ಗುಂಡಯ್ಯನವರು ಉಂಡೆಯನ್ನು ಪಂಚೆಯ ಸೆರಗಿಗೆ ಕಟ್ಟಿಕೊಂಡರು. ಪೂಜೆಯ ಪೀಠದ ಕೆಳಗೂ ಕಣ್ಣು ಹಾಯಿಸಿದರು, ಅಲ್ಲಿ ಇನ್ನೂ ನಾಲ್ಕಿದ್ದವು. ಒಂದು ಮಾತೂ ಆಡದೆ ತಾತನಿಗೆ ವಿಭೂತಿ ಬಳಿದು, ಹಾರ ಹಾಕಿ, ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದರು. ಹೊರಗೆ ಆಗಲೇ ತಾತನ ಸಮಾಧಿಯ ಮೇಲೆ ಗದ್ದುಗೆ ಕಟ್ಟಿಸುವ ಮಾತು ನಡೆದಿತ್ತು. ಕೊಲೆಯಾದರೇನು, ಅನುಷ್ಠಾನದಲ್ಲೇ ಹೋದ ಮಹಾತ್ಮ ಎಂದು.

ಮಧ್ಯಾಹ್ನಕ್ಕೆ ಇನ್ಸ್‌ಪೆಕ್ಟರ್ ದೇವರಾಜು ಬೈಸಿಕಲ್ ಮೇಲೆ ಬಂದರು. ಹಿಂದೆ ಏದುಸಿರು ಬಿಡುತ್ತ ಒಬ್ಬ ದಢೂತಿ ಕಾನ್‌ಸ್ಟೇಬಲ್. ಇನ್ಸ್‌ಪೆಕ್ಟರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲವೋ, ಬಿಸಿಲಿನಿಂದ ಬಂದು ಕಣ್ಣು ಕತ್ತಲಿಟ್ಟಿತ್ತೋ, ನಡುಮನೆಗೆ ಬಂದವರೇ ಎಲ್ಲರನ್ನೂ ಎದ್ದು ನಿಲ್ಲಿ ಅಂದರು. ಎಲ್ಲರೂ ನಿಂತರು, ತಾತನೊಬ್ಬರನ್ನು ಬಿಟ್ಟು.

"ಏನ್ರೀ ಯಜಮಾನ್ರೆ, ಸರ್ಕಾರಿ ಅಧಿಕಾರಿ ಬಂದ್ರೆ ಏಳೋಕೆ ಆಗಲ್ವಾ? ಅಷ್ಟೊಂದು ಕೊಬ್ಬಾ?"

ಪಟೇಲರು ಕೈಮುಗಿದು, "ಸಾ, ಕೊಲೆ ಆಗಿರೋದು ಅವರ್ದೇ" ಅಂದರು.

ಇನ್ಸ್‌ಪೆಕ್ಟರು ಟೋಪಿ ತೆಗೆದರು. ಆಮೇಲೆ ಬೈದರು ನೋಡಿ! ಸಾಕ್ಷಿಯನ್ನೆಲ್ಲ ತೊಳೆದು ಬಚ್ಚಲಿಗೆ ಬಿಟ್ಟಿದ್ದೀರಿ, ಇಡೀ ಊರನ್ನೇ ಒಳಗೆ ಹಾಕುತ್ತೇನೆ ಎಂದು ಕುಣಿದಾಡಿದರು. ಕುಣಿದು ಸುಸ್ತಾಗಿ ಒಂದು ಲೋಟ ಪಾನಕ ಕುಡಿದು, ಭೂತಗನ್ನಡಿ ತೆಗೆದು ತನಿಖೆಗೆ ಇಳಿದರು. ಬಾಗಿಲು ಒಳಗಿನಿಂದ ಹಾಕಿತ್ತು. ಹೆಂಚು ಅಲ್ಲಾಡಿಲ್ಲ. ಗೋಡೆ ಮೂರು ಅಡಿ ದಪ್ಪ. ಉಳಿದದ್ದು ಕಿಟಕಿ ಒಂದೇ.

"ಕೊಲೆಗಾರ ಒಳಗೆ ಹೋಗೇ ಇಲ್ಲ. ಕೈ ಮಾತ್ರ ಹೋಗಿದೆ" ಅಂದರು.

ಆಮೇಲೆ ನಡೆದದ್ದನ್ನು ಪಟೇಲರು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು. ಮನೆಯವರು, ಅಕ್ಕಪಕ್ಕದವರು, ಎಲ್ಲರೂ ಸಾಲಾಗಿ ನಿಂತು ಸರಳಿನ ಸಂದಿಯಲ್ಲಿ ತೋಳು ತೂರಿಸಬೇಕು. ಪಟೇಲರದ್ದು ಮುಂಗೈಗೇ ನಿಂತಿತು. ಅಜ್ಜಿಯದು ಬಳೆಯ ಹತ್ತಿರ ಸಿಕ್ಕಿಕೊಂಡಿತು. ಕೈ ಹೇಗೆ ಹಾಕಬೇಕೆಂದು ತೋರಿಸಲು ಹೋದ ಕಾನ್‌ಸ್ಟೇಬಲ್ ತೋಳು ಒಳಗೆ ಹೋಯಿತು, ಈಚೆ ಬರಲಿಲ್ಲ. ನಂಜಮ್ಮ ಅರ್ಧ ಸೇರು ಹರಳೆಣ್ಣೆ ತಂದು ಸುರಿದು, "ಉಸ್ರು ಬುಡಪ್ಪ, ಒಟ್ಟೆ ಒಳಿಕ್ಕೆ ಎಳ್ಕೊ, ತೋಳಲ್ಲಿ ಒಟ್ಟೆ ಇಲ್ದಿದ್ರೂ ಎಳ್ಕೊ" ಎನ್ನುತ್ತ ಇಬ್ಬರನ್ನು ಹಿಂದಿನಿಂದ ಜಗ್ಗಿಸಿದರು. ಇಷ್ಟೆಲ್ಲ ಆಗುವಾಗ ತಾತ ಹಾರ ಹಾಕಿಕೊಂಡು ಗಂಭೀರವಾಗಿ ನೋಡುತ್ತ ಕೂತಿದ್ದರು.

ಕೊನೆಗೆ ನಮ್ಮವ್ವನ ಸರದಿ. ಹತ್ತೊಂಬತ್ತು ವರ್ಷದ ಹುಡುಗಿ, ಈ ಮನೆಯ ಬೈಗುಳ ತಿಂದು ತಿಂದು ಕಡ್ಡಿಯಾಗಿದ್ದಳು. ತೋಳು ಭುಜದವರೆಗೂ ಸಲೀಸಾಗಿ ಹೋಗಿಬಿಟ್ಟಿತು.

ಎಲ್ಲರ ನಗು ನಿಂತಿತು.

ಅಷ್ಟರಲ್ಲಿ ಯಾರೋ ಒಬ್ಬಳು, ಅವಳ ನಾಲಿಗೆ ಸೇದಿಹೋಗ, ಬಾವಿಯ ಹತ್ತಿರ ಕೇಳಿದ್ದನ್ನು ಹೇಳಿಬಿಟ್ಟಳು. ಹೋದ ವಾರ ನೀಲಾಂಬಿಕೆ ನೀರು ಸೇದುತ್ತ, "ಈ ಮುದುಕುನ್ನ ಕತ್ತು ಇಸುಕ್ಬುಡನ ಅನ್ಸುತ್ತೆ ಕಣಕ್ಕ" ಅಂದಿದ್ದಳಂತೆ. ಅಂದದ್ದು ನಿಜ. ತಾತನ ಸೊಸೆಯಾಗಿ ಎರಡು ವರ್ಷ ಇದ್ದವರು ಯಾರೇ ಆದರೂ ಅನ್ನುತ್ತಿದ್ದರು. ಅಂದವರನ್ನೆಲ್ಲ ಹಿಡಿಯುವುದಾದರೆ ಸೀಮೆಯಲ್ಲಿ ಸೊಸೆಯಂದಿರೇ ಉಳಿಯುವುದಿಲ್ಲ. ಆದರೆ ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು. ಹಾಲು ಕೊಡುವ ನೆಪದಲ್ಲಿ ಮಾವನನ್ನು ಕಿಟಕಿಯ ಹತ್ತಿರ ಕರೆದು, ತೋಳು ತೂರಿಸಿ ಕತ್ತು ಹಿಸುಕಿದ್ದಾಳೆ ಎಂದು ಬರೆದುಕೊಂಡರು. ನಮ್ಮಪ್ಪ ಪಾಲಾಕ್ಷ ಹೊಗೆಸೊಪ್ಪಿನ ವ್ಯಾಪಾರಕ್ಕೆ ರಾಮನಾಥಪುರಕ್ಕೆ ಹೋಗಿದ್ದ. ಇದ್ದಿದ್ದರೂ ಏನೂ ಕಿಸಿಯುತ್ತಿರಲಿಲ್ಲ, ಬಿಡಿ.

"ನಡಿಯಮ್ಮ" ಅಂದರು ಇನ್ಸ್‌ಪೆಕ್ಟರು.

ಆಗ ಕೊಲೆ ಅಂದರೆ ನೇಣು. ಇಲ್ಲವೇ ಜೀವಾವಧಿ. ನಾನು ಹುಟ್ಟಬೇಕಾದದ್ದು ಜೈಲಿನಲ್ಲಿ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಗುಂಡಯ್ಯನವರಿಗೂ. ಅವರು ಕಂಬದ ಪಕ್ಕ ಪಂಚೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದರು. ಬಾಯಿ ಬಿಟ್ಟರೆ ಇನ್ನು ಮುಂದೆ ಯಾವ ಮನೆಯವರೂ ಅವರನ್ನು ಕರೆಯುವುದಿಲ್ಲ. ಬಿಡದಿದ್ದರೆ ಈ ಹುಡುಗಿ ಹೋಗುತ್ತಾಳೆ. ಅಜ್ಜಿ ತಾತನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತಿದ್ದರು. ಸೊಸೆಯನ್ನು ಕರೆದುಕೊಂಡು ಹೋಗುತ್ತಿದ್ದರೂ ಆಯಮ್ಮ ತಲೆ ಎತ್ತಲಿಲ್ಲ, ಕೂತ ಜಾಗದಿಂದ ಒಂದಂಗುಲ ಅಲ್ಲಾಡಲಿಲ್ಲ ಎಂದು ಪಟೇಲರು ನನಗೆ ನೂರು ಸಲ ಹೇಳಿದ್ದಾರೆ.

ನಮ್ಮವ್ವ ಅಳಲೂ ಇಲ್ಲ. ಹೊಸಿಲ ಹತ್ತಿರ ನಿಂತು, "ಸಾ, ಆಲಿನ ಪಾತ್ರೆ ತೊಳ್ದಿಲ್ಲ. ಅತ್ತೇರಿಗೆ ಸೊಂಟನೋವು, ಬಗ್ಗೋಕಾಗಲ್ಲ. ತೊಳ್ದಿಟ್ಬುಟ್ಟು ಬತ್ತೀನಿ" ಅಂದಳು.

ಗುಂಡಯ್ಯನವರಿಗೆ ಅದನ್ನು ತಡೆಯಲಾಗಲಿಲ್ಲ.

"ಸಾ" ಅಂದರು. ಬದುಕಿದ್ದವರ ಮುಂದೆ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನಂಜಮ್ಮನೇ ಬೆಚ್ಚಿಬಿದ್ದರಂತೆ. "ಕೊಲೆ ಮಾಡ್ದೋನು ನನ್ತಾವ ಅವ್ನೆ."

"ಎಲ್ಲಿ?"

ಗುಂಡಯ್ಯನವರು ಸೆರಗಿನ ಗಂಟು ಬಿಚ್ಚಿ ಅಂಗೈ ಚಾಚಿದರು. ಇನ್ಸ್‌ಪೆಕ್ಟರು ಭೂತಗನ್ನಡಿ ಹಿಡಿದು ನೋಡಿದರು. "ಏನಿದು?"

"ತಂಬಿಟ್ಟು ಸಾ. ಯಜಮಾನ್ರ ಗಂಟ್ಲಲ್ಲಿ ಇತ್ತು. ಇನ್ನೂ ನಾಕು ಪೀಠದ ಕೆಳಗವೆ. ಉಸ್ರು ಕಟ್ಕೊಂಡು ಅವರ ಕತ್ತ ಅವರೇ ಪರಚ್ಕೊಂಡವ್ರೆ. ಉಗುರು ತೊಳ್ದೋನು ನಾನು. ಅದರೊಳಗೆ ಅವರ್ದೇ ಚರ್ಮ ಇತ್ತು. ಆ ಮಗೀನ ಬುಟ್ಬುಡಿ."

ಕಾನ್‌ಸ್ಟೇಬಲ್ ಎಣ್ಣೆ ಸುರಿಯುವ ಕೈಯಲ್ಲೇ ಪೀಠದ ಕೆಳಗೆ ತಡಕಿ ನಾಲ್ಕನ್ನೂ ತಂದ. ಇನ್ಸ್‌ಪೆಕ್ಟರು ಒಂದನ್ನು ಕಂಬಕ್ಕೆ ಕುಟ್ಟಿದರು. ಕಂಬದ ಸುಣ್ಣ ಉದುರಿತು. ಆಯಿತು, ಕೇಸು ಅಲ್ಲಿಗೇ ಬಿದ್ದುಹೋಯಿತು. ಆದರೂ ದೇವರಾಜು ಬಿಡಲಿಲ್ಲ.

"ಇದನ್ನ ಮಾಡಿದ್ಯಾರು? ಒಳಗೆ ಕೊಟ್ಟಿದ್ಯಾರು?"

ಗುಂಡಯ್ಯನವರು ತಂಬಿಟ್ಟನ್ನು ನೋಡಿದರು, ಇನ್ಸ್‌ಪೆಕ್ಟರನ್ನು ನೋಡಿದರು. "ಎಲ್ಲಾರ ಮನೇಲೂ ಮಾಡ್ತಾರೆ ಸಾ. ಎಲ್ಲಾ ಒಂದೇ ತರ ಇರ್ತವೆ. ಯಾರ್ದು ಅಂತ ಯಂಗೆ ಏಳನ?" ಅಂದರು. ಇನ್ಸ್‌ಪೆಕ್ಟರು ಮಹಜರಿನಲ್ಲಿ, ತೀವ್ರ ತನಿಖೆಯ ಬಳಿಕ ತಾವೇ ಸತ್ಯ ಕಂಡುಹಿಡಿದುದಾಗಿ ಬರೆದುಕೊಂಡು ಸಾಯಂಕಾಲ ಬೈಸಿಕಲ್ ಹತ್ತಿದರು. ಉಂಡೆಗಳನ್ನೂ ಪುರಾವೆ ಎಂದು ಕಟ್ಟಿಸಿಕೊಂಡರು. ಮೇಲಿನವರಿಗೆ ಎಷ್ಟು ತಲುಪಿದವೋ ಗೊತ್ತಿಲ್ಲ.

ನಮ್ಮವ್ವ ಒಳಗೆ ಹೋಗಿ ಹಾಲಿನ ಪಾತ್ರೆ ತೊಳೆದಿಟ್ಟಳು. ಗದ್ದುಗೆಯ ಮಾತನ್ನು ಯಾರೂ ಎತ್ತಲಿಲ್ಲ. ಅರಕಲಗೂಡಿನ ಬೀಗರು ಮಣ್ಣಿಗೆ ಬಂದು, ನಗು ತಡೆಯಲಾರದೆ ಟವಲನ್ನು ಬಾಯಿಗೆ ತುರುಕಿಕೊಂಡು ಅತ್ತಂತೆ ಮಾಡಿದರು.

ಊರು ಗುಂಡಯ್ಯನವರ ಮೇಲೆ ತಿರುಗಿ ಬಿತ್ತು. ಅವರು ಸುಳ್ಳು ಹೇಳಿದರು ಎಂದು ಯಾರೂ ಅನ್ನಲಿಲ್ಲ. ನಿಜ ಹೇಳಿದ್ದೇ ತಪ್ಪಾಯಿತು. "ನಾಳೆ ನಮ್ಮಪ್ಪನ್ನ ಕೂರ್ಸಿ ಏನೇನು ಏಳ್ಕೊಂಡು ತಿರುಗ್ತಾನೋ" ಅಂದರು. ಎಲ್ಲರಿಗಿಂತ ಹೆಚ್ಚು ಬೈದವರು ನಮ್ಮಜ್ಜಿ. ಗುಂಡಯ್ಯನವರು ನಮ್ಮ ಬೀದಿಯಲ್ಲಿ ಹಾದುಹೋದರೆ ಜಗಲಿಯಿಂದಲೇ, "ಎಣದ ಬಾಯಿಗೆ ಕೈ ಆಕ್ದೋನು, ನಮ್ಮ ಯಜಮಾನ್ರ ಮಾನ ತೆಗ್ದೋನು" ಎಂದು ಶುರುಮಾಡುತ್ತಿದ್ದರು. ಗುಂಡಯ್ಯನವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಒಂಬತ್ತು ವರ್ಷ ಯಾರೂ ಅವರನ್ನು ಕರೆಯಲಿಲ್ಲ. ಬೇರೆಯವರು ಕೂರಿಸುತ್ತಿದ್ದರು. ಏನು ಕೂರಿಸುತ್ತಿದ್ದರು, ಅವರ ತಲೆ! ಹಳ್ಳಿಮೈಸೂರಿನ ಸಾಹುಕಾರರೊಬ್ಬರು ಹೆಣ ಕೂರಿಸಿ ಹೊರುವ ವಿಮಾನದಲ್ಲಿ ಹೊರಟವರು ಅರ್ಧ ದಾರಿಯಲ್ಲಿ ವಾಲಿ, ಹೊತ್ತವನ ಹೆಗಲ ಮೇಲೆ ಗಲ್ಲವಿಟ್ಟುಬಿಟ್ಟರು. ಅವನು ವಿಮಾನ ಬಿಟ್ಟು ಓಡಿದವನು ಚನ್ನರಾಯಪಟ್ಟಣದ ಅಕ್ಕನ ಮನೆಯಲ್ಲಿ ಎರಡು ವಾರ ಇದ್ದು ಬಂದ. ಅಂಥ ಮೆರವಣಿಗೆ ಹೋಗುವಾಗ ಗುಂಡಯ್ಯನವರು ಹೊಲದ ಬದುವಿನಲ್ಲಿ ನಿಂತು, ತಮ್ಮ ಎರಡು ಕೈಯನ್ನೂ ಸೊಂಟದ ಹತ್ತಿರ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ದೂರದಿಂದಲೇ ಹೆಣ ಸರಿಮಾಡುತ್ತಿದ್ದರು. ನನಗೆ ಆಗ ನಗು ಬಂದಿತ್ತು. ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ.

೧೯೪೭ರಲ್ಲಿ ಅಜ್ಜಿ ಹಾಸಿಗೆ ಹಿಡಿದರು. ಒಂದು ದಿನ ಬೆಳಗ್ಗೆ, "ಗುಂಡಯ್ಯನ್ನ ಕರಸ್ರಿ. ಪಟೇಲ್ರೂ ಬರ್ಲಿ" ಅಂದರು. ಮನೆಯವರೆಲ್ಲ ಮುಖ ಮುಖ ನೋಡಿಕೊಂಡೆವು. ಗುಂಡಯ್ಯನವರು ಬಂದು ಬಾಗಿಲ ಹತ್ತಿರವೇ ನಿಂತರು. ನಡುಮನೆ ತುಂಬ ಜನ.

"ಎಲ್ಲಾರೂ ಕೇಳ್ಕಳಿ" ಅಂದರು ಅಜ್ಜಿ. "ಆ ತಂಬಿಟ್ಟು ಮಾಡಿದೋಳು ನಾನು. ಅಸ್ಕಂಡು ಸಾಯ್ತಾರೆ ಅಂತ ಪತ್ರೆ ಪೊಟ್ಟಣದೊಳಗೆ ಇಟ್ಟು ಕೊಡ್ತಿದ್ದೆ. ಇವಯ್ಯಂಗೆ ಅವತ್ತೇ ಗೊತ್ತಾಗೋಗಿತ್ತು. ನಮ್ಮನೇಲಿ ಇಪ್ಪತ್ತು ವರ್ಷ ತಿಂದಿರೋನು, ನನ್ನ ಕೈ ಉಂಡೆ ಗೊತ್ತಾಗಲ್ವಾ? ಇನ್ಸ್‌ಪೆಟ್ರು ಕೇಳುದ್ರೂ ನನ್ನ ಎಸ್ರು ಏಳ್ಲಿಲ್ಲ. ನಾನು ಒಂಬತ್ತು ವರ್ಷ ಬಾಯಿಗೆ ಬಂದಂಗೆ ಬೈದ್ರೂ ಏಳ್ಲಿಲ್ಲ. ನನ್ನ ಕೂರ್ಸೋದಿದ್ರೆ ಇವನೇ ಕೂರ್ಸ್ಬೇಕು."

ಗುಂಡಯ್ಯನವರು ಸಂತೋಷಪಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅವರಿಗೆ ಬಂದದ್ದು ಸಿಟ್ಟು!

"ಅಲ್ಲಾ ಕಣವ್ವಾ, ಒಂಬತ್ತು ವರ್ಷ ಒಟ್ಟೇಲಿ ಮಡಿಕ್ಕಂಡಿದ್ನಲ್ಲ! ಎಂಡ್ರಿಗೂ ಏಳ್ದಂಗೆ ಮಡಿಕ್ಕಂಡಿದ್ನಲ್ಲ! ಇಂಗೆ ಸಂತೇಲಿ ಸುರ್ದಂಗೆ ಸುರ್ದ್ಬುಟ್ರಲ್ಲ!" ಎಂದವರೇ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಹುಡುಗರ ಹಾಗೆ ಅತ್ತುಬಿಟ್ಟರು. ನಂಜಮ್ಮ, "ನಂಗೂ ಏಳ್ದಂಗಾ?" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು.

ಅಜ್ಜಿ ನಮ್ಮವ್ವನ ಕಡೆ ತಿರುಗಿದರು. "ನಿನ್ನ ಪೋಲೀಸ್ನೋರು ಎಳ್ಕೊಂಡೋಗ್ತಿದ್ರೂ ನಾನು ಸುಮ್ಕೆ ಕೂತಿದ್ನಲ್ಲೇ ನೀಲಾ" ಅಂದರು.

ನಮ್ಮವ್ವ ಗಂಜಿ ಆರಿಸುತ್ತಿದ್ದಳು. "ತಂಬಿಟ್ಟು ನಿಮ್ದು ಅಂತ ನಂಗೂ ಅವತ್ತೇ ಗೊತ್ತಾಯ್ತು ಅತ್ತೆ. ನೀವೇನು ಸುಮ್ನೆ ಕೂತಿರ್ಲಿಲ್ಲ. ನಿಜ ಏಳ್ಬುಡನ ಅಂತ ಎದ್ದು ನಿಂತಿದ್ರಿ. ಅಷ್ಟರಲ್ಲಿ ಗುಂಡಯ್ಯನೋರು ಬಾಯಿ ಆಕ್ಬುಟ್ರು. ನಾನೇ ನೋಡಿದ್ನಲ್ಲ. ಬಾಯಿ ತಗೀರಿ, ಗಂಜಿ ಆರೋಯ್ತದೆ."

ಅಜ್ಜಿ ಅವಳನ್ನೇ ನೋಡುತ್ತ ಬಾಯಿ ತೆರೆದರು. ಮೂರನೆಯ ದಿನ ತೀರಿಕೊಂಡರು. ಗುಂಡಯ್ಯನವರು ಬಂದು, ಗಂಡಸರನ್ನು ಹೊರಗೆ ಕಳುಹಿಸಿ, ನಮ್ಮವ್ವ ಮೀಯಿಸಿ ಸೀರೆ ಉಡಿಸಿದ ಮೇಲೆ ಅಜ್ಜಿಯನ್ನು ಕೂರಿಸಿದರು. ಅಷ್ಟು ಚೆನ್ನಾಗಿ ಅಜ್ಜಿ ಬದುಕಿದ್ದಾಗಲೂ ಕೂತಿರಲಿಲ್ಲ. ವಿಮಾನ ಒಂದು ಕಡೆಯೂ ವಾಲಲಿಲ್ಲ. ಮಾರನೆಯ ವಾರವೇ ಶೆಟ್ಟಿಹಳ್ಳಿ ಕಡೆಯಿಂದ ಕರೆ ಬಂತು, ಆಮೇಲೆ ನಿಲ್ಲಲೇ ಇಲ್ಲ.

ಅಜ್ಜಿಯ ಮಣ್ಣಾದ ದಿನ ಗುಂಡಯ್ಯನವರು ನಮ್ಮ ಜಗಲಿಯಲ್ಲಿ ಊಟಕ್ಕೆ ಕೂತಿದ್ದರು. ನಾನು ಪಟೇಲರ ಮಾತು ಕೇಳಿ ಬೆಳೆದವನು, ತಲೆಯಲ್ಲಿ ಹುಳ ಹೊಕ್ಕಿತ್ತು. ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದೆ: "ಅಜ್ಜಿ ಅವತ್ತು ಎದ್ದು ನಿಂತಿದ್ದು ನಿಜ್ವಾ? ಪಟೇಲ್ರು ಕೂತೇ ಇದ್ರು ಅಂತಾರೆ. ನೀವು ಅಲ್ಲೇ ಇದ್ರಲ್ಲ."

ಗುಂಡಯ್ಯನವರು ತುತ್ತು ನುಂಗಿದರು. ಒಳಗೆ ನಮ್ಮವ್ವ ಸಾರಿನ ಪಾತ್ರೆ ಎತ್ತಿಕೊಳ್ಳುವ ಸದ್ದು ಕೇಳುತ್ತಿತ್ತು.

"ನಿಮ್ಮವ್ವ ಏನಂದ್ಲು?"

"ನಿಂತಿದ್ರು ಅಂದ್ಲು."

"ಅಂಗಾರೆ ನಿಂತಿದ್ರು ಕಣ್ಲಾ" ಎಂದು ಅವರು ಇನ್ನೊಂದು ಮುದ್ದೆಗೆ ಎಲೆ ಮುಂದೆ ಸರಿಸಿದರು.